ನನ್ನ ವಿಳಾಸದಲ್ಲಿ ವ್ಯಾಪಾರ ನಡೆಸಿದವರು ಯಾರು?

ಆನ್‌ಲೈನ್ ಮಾರಾಟಗಾರರ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಾನು ಬಿಸಿನೀರಿನ ಬ್ಯಾಗು ಮಾರುವವಳಲ್ಲ. ಈ ಮಾತನ್ನು ತಮ್ಮ ಕಚೇರಿಗೆ ಮೂರು ಸಲ ಬರೆದಿದ್ದೇನೆ, ಎರಡು ಸಲ ಖುದ್ದಾಗಿ ಬಂದು ಹೇಳಿದ್ದೇನೆ, ಒಂದು ಸಲ ಫೋನಿನಲ್ಲಿ ಮುಕ್ಕಾಲು ಗಂಟೆ ವಾದ್ಯಸಂಗೀತ ಕೇಳಿ ಆದ ಮೇಲೆ ಹೇಳಿದ್ದೇನೆ. ತಮ್ಮ ದಾಖಲೆ ಮಾತ್ರ ಒಪ್ಪುತ್ತಿಲ್ಲ. ದಾಖಲೆಯ ಪ್ರಕಾರ ನನ್ನ ಅಂಗಡಿಯ ವಿಳಾಸದಲ್ಲಿ ಒಂದು ಸಂಸ್ಥೆ ಇತ್ತು. ಅದು ಕರೆಂಟಿನಲ್ಲಿ ಕಾಯುವ ಬಿಸಿನೀರಿನ ಬ್ಯಾಗುಗಳನ್ನು ಊರೂರಿಗೆ ಕಳಿಸುತ್ತಿತ್ತು. ಅದರ ಹೆಸರಿನ ಪಕ್ಕದಲ್ಲಿ 'ಪರಿಶೀಲಿಸಲಾಗಿದೆ' ಎಂಬ ತಮ್ಮ ಹಸಿರು ಮುದ್ರೆಯೂ ಇತ್ತು. ಪರಿಶೀಲಿಸಿದವರು ಯಾರು ಸ್ವಾಮಿ? ಯಾವ ದಿನ ಬಂದಿದ್ದರು? ಬಂದಾಗ ನಾನು ಬಾಗಿಲು ತೆರೆದೆನೋ ಇಲ್ಲವೋ? ಈ ಪ್ರಶ್ನೆಗಳನ್ನು ಗುಟ್ಟಾಗಿ ಕೇಳಿದಾಗ ಉತ್ತರ ಬರಲಿಲ್ಲ. ಆದ್ದರಿಂದ ನಾಲ್ಕು ಜನ ಓದುವ ಹಾಗೆ ಕೇಳುತ್ತಿದ್ದೇನೆ.

ತಾವು ಬರಲಿಲ್ಲವಾದ್ದರಿಂದ ಸ್ಥಳ ಪರಿಚಯವನ್ನು ನಾನೇ ಮಾಡಿಕೊಡಬೇಕು. ನನ್ನದು ಪುಸ್ತಕಗಳ ಬೈಂಡಿಂಗ್ ಅಂಗಡಿ. ಹಳೆಯ ಕಟ್ಟಡದ ಎರಡನೇ ಮಹಡಿ, ಮೆಟ್ಟಿಲು ಮುಗಿದ ಕೂಡಲೇ ಎಡಗಡೆಯ ಕೋಣೆ. ಉದ್ದ ಹದಿನಾಲ್ಕು ಹೆಜ್ಜೆ, ಅಗಲ ಒಂಬತ್ತು. ಕಿಟಕಿಯ ಬಳಿ ಹೊಲಿಗೆಯ ಮೇಜು, ಗೋಡೆಗೆ ಒರಗಿಸಿದ ರಟ್ಟುಗಳು, ಮೂಲೆಯಲ್ಲಿ ನಮ್ಮ ಯಜಮಾನರು ಬಿಟ್ಟುಹೋದ, ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸು, ಅದರ ಕಾಲ ಬಳಿ ಅಂಟಿನ ಡಬ್ಬ. ವಕೀಲರ ಕಡತಗಳು, ಕಾಲೇಜಿನವರ ಪ್ರಬಂಧಗಳು, ಬೆನ್ನು ಮುರಿದ ನಿಘಂಟುಗಳು ಬರುತ್ತವೆ. ಹೊಲಿಸಿಕೊಂಡು, ಹೊಸ ಬಟ್ಟೆ ಹಾಕಿಸಿಕೊಂಡು ಹೋಗುತ್ತವೆ. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಅಂದಿನಿಂದ ಕೆಲಸವೆಲ್ಲ ನನ್ನದೇ. ಇಷ್ಟು ಜಾಗದಲ್ಲಿ ಬ್ಯಾಗುಗಳ ಗೋದಾಮು ಎಲ್ಲಿ ಅಡಗಿದೆ ಎಂದು ತಮಗೆ ಗೊತ್ತಿದ್ದರೆ ದಯವಿಟ್ಟು ನನಗೂ ತಿಳಿಸಿ. ರಟ್ಟು ಇಡಲು ಜಾಗ ಸಾಲದೆ ಒದ್ದಾಡುತ್ತಿದ್ದೇನೆ.

ಮೊದಲು ಬಂದದ್ದು ಪಾರ್ಸೆಲ್ಲುಗಳು. ವಾರಕ್ಕೆ ಒಂದು, ಆಮೇಲೆ ಎರಡು. ಮೇಲೆ ನನ್ನ ವಿಳಾಸ, ಒಳಗೆ ಯಾರೋ ವಾಪಸು ಕಳಿಸಿದ ಬ್ಯಾಗು. ತಂದವನಿಗೆ "ಇದು ನಮ್ಮದಲ್ಲಪ್ಪ" ಎಂದರೆ ಅವನು "ವಿಳಾಸ ನಿಮ್ಮದೇ ಅಲ್ವಾ ಆಂಟಿ?" ಎನ್ನುತ್ತಿದ್ದ. ವಿಳಾಸ ನನ್ನದೇ ಎಂಬುದನ್ನು ಅಲ್ಲಗಳೆಯಲು ಬರುತ್ತದೆಯೇ? ಯಾರೋ ಅಂಕಿ ತಪ್ಪು ಬರೆದಿರಬೇಕು ಎಂದುಕೊಂಡು ಪೆಟ್ಟಿಗೆಗಳನ್ನು ಪ್ರೆಸ್ಸಿನ ಹಿಂದೆ ಪೇರಿಸಿಟ್ಟೆ. ಅದೇ ನನ್ನ ಮೊದಲ ದಡ್ಡತನ. ಯಾಕೆಂದರೆ ಮುಂದೆ ಒಬ್ಬ ಮನುಷ್ಯ ಬಂದು ನಿಂತಾಗ ಆ ಪೆಟ್ಟಿಗೆಗಳೇ ನನ್ನ ವಿರುದ್ಧ ಸಾಕ್ಷಿ ಹೇಳಿದವು.

ಅವರು ನಿವೃತ್ತ ಬಸ್ ಚಾಲಕರು. ಅರವತ್ತು ದಾಟಿದ ವಯಸ್ಸು, ಅಗಲವಾದ ಭುಜ, ಎರಡು ಮಹಡಿ ಹತ್ತಿ ಏದುಸಿರು. ನಾನು ಒಂದು ಕಡತದ ಬೆನ್ನಿಗೆ ಅಂಟು ಹಚ್ಚುತ್ತಿದ್ದೆ. ಅವರು ಬಾಗಿಲಲ್ಲೇ ನಿಂತು ಕೋಣೆಯನ್ನೆಲ್ಲ ಒಂದು ಸುತ್ತು ನೋಡಿದರು. ಆಮೇಲೆ ಕೈಚೀಲದಿಂದ ಒಂದು ಒಡೆದ ಬ್ಯಾಗನ್ನು ತೆಗೆದು, ನನ್ನ ಮೇಜಿನ ಮೇಲೆ, ಆಗಷ್ಟೇ ಕತ್ತರಿಸಿಟ್ಟ ಬಿಳಿ ಹಾಳೆಗಳ ಮೇಲೆ ಇಟ್ಟರು.

"ಇದನ್ನ ಮಾರಿದ್ದು ನೀವೇನಾ?"

"ಇಲ್ಲ. ಯಾರು ನೀವು?"

"ಎಲ್ಲರೂ ಹಾಗೇ ಹೇಳ್ತಾರೆ. ಆ ಕಬ್ಬಿಣದ ಯಂತ್ರದ ಹಿಂದೆ ಇರೋ ಪೆಟ್ಟಿಗೆಗಳು ಏನು ಹಾಗಾದ್ರೆ?"

ನಾನು ತಿರುಗಿ ನೋಡಿದೆ. ಪ್ರೆಸ್ಸಿನ ಹಿಂದಿನಿಂದ ಪೆಟ್ಟಿಗೆಗಳ ಮೂಲೆ ಕಾಣುತ್ತಿತ್ತು. ಪೆಟ್ಟಿಗೆಯ ಮೇಲಿನ ಹೆಸರೂ ಇವರ ಕೈಯಲ್ಲಿದ್ದ ಚೀಟಿಯ ಮೇಲಿನ ಹೆಸರೂ ಒಂದೇ. ಅರ್ಥವೇ ಇಲ್ಲದ, ಬಾಯಿಗೆ ಬಂದಂತೆ ಅಕ್ಷರ ಜೋಡಿಸಿದ ಒಂದು ಇಂಗ್ಲಿಷ್ ಹೆಸರು. ಕಳ್ಳತನ ಮಾಡದೆಯೂ ಸಿಕ್ಕಿಬಿದ್ದವಳ ಮುಖ ಹೇಗಿರುತ್ತದೆ ಎಂದು ಅವತ್ತು ನನಗೆ ಗೊತ್ತಾಯಿತು.

"ಕೂತ್ಕೊಳ್ಳಿ, ಹೇಳ್ತೀನಿ," ಎಂದೆ.

"ಕೂರೋಕೆ ಬಂದಿಲ್ಲ. ದುಡ್ಡೂ ಬೇಡ. ನನ್ನ ಹೆಂಡ್ತಿ ತೊಡೆ ಸುಟ್ಟಿದ್ದು ಯಾರು ಅಂತ ಮುಖ ನೋಡ್ಬೇಕಿತ್ತು. ನೋಡಿದೆ."

ನಾನೂ ಸುಮ್ಮನಿರುವ ಜಾತಿಯವಳಲ್ಲ. ಅಷ್ಟರಲ್ಲಾಗಲೇ ನನ್ನ ತಲೆಯಲ್ಲಿ ಬೇರೆಯದೇ ಹುಳು ಹೊಕ್ಕಿತ್ತು. ಪಾರ್ಸೆಲ್ ಕಳಿಸುವವನೂ ಈತನೇ, ಈಗ ಒಡೆದ ಬ್ಯಾಗು ಹಿಡಿದು ಬಂದವನೂ ಈತನೇ ಇರಬಾರದೇಕೆ? ಒಂಟಿ ಹೆಂಗಸಿನ ಅಂಗಡಿ, ಹೆದರಿಸಿ ಏನಾದರೂ ಕಿತ್ತುಕೊಳ್ಳುವ ಹೂಟವಿರಬಹುದು. ಹಾಗೆಂದು ಮುಖದ ಮೇಲೇ ಹೇಳಿದೆ. "ನಿಮ್ಮ ಹೆಂಡ್ತಿಗೆ ಸುಟ್ಟಿದೆ ಅಂತ ನಾನು ಹೇಗೆ ನಂಬಲಿ?"

ಅವರು ಒಡೆದ ಬ್ಯಾಗನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡರು. "ಬನ್ನಿ ಹಾಗಾದ್ರೆ. ಈಗಲೇ ಬನ್ನಿ."

ಹೋದೆ. ಅಂಗಡಿಗೆ ಬೀಗ ಹಾಕಿ, ಗುರುತಿಲ್ಲದ ಮನುಷ್ಯನ ಹಿಂದೆ, ಎರಡು ಬಸ್ಸು ಬದಲಿಸಿ ಹೋದೆ. ದಾರಿಯುದ್ದಕ್ಕೂ ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಬಾಗಿಲ ಹತ್ತಿರ. ತಾವು ಪರಿಶೀಲನೆ ಎಂದು ಕರೆಯುವ ಕೆಲಸ ಹೀಗಿರುತ್ತದೆ ಮಾನ್ಯರೇ: ಎದ್ದು ಹೋಗಿ ಕಣ್ಣಾರೆ ನೋಡುವುದು.

ಮನೆ ಚಿಕ್ಕದು, ಅಚ್ಚುಕಟ್ಟು. ಆಕೆ ಕಿಟಕಿಯ ಪಕ್ಕ ಮಂಚದ ಮೇಲೆ ಒಂದು ಕಾಲು ಚಾಚಿ ಕೂತಿದ್ದರು. ತೊಡೆಯಿಂದ ಮೊಣಕಾಲಿನವರೆಗೆ ಬಿಳಿ ಪಟ್ಟಿ. ದಿನವಿಡೀ ಬಟ್ಟೆ ಅಂಗಡಿಯಲ್ಲಿ ನಿಂತು ಕೆಲಸ ಮಾಡಿ ಮಂಡಿ ನೋವು ಬಂದಿತ್ತು, ಅದಕ್ಕೇ ಬ್ಯಾಗು ತರಿಸಿದ್ದರು. ಮೂರನೇ ಸಲ ಉಪಯೋಗಿಸುವಾಗ ಅಂಚು ಬಿಚ್ಚಿಕೊಂಡು ಕುದಿಯುವ ನೀರು ಮೈಮೇಲೆ ಸುರಿದಿತ್ತು. ಗಂಡ ನನ್ನನ್ನು ತೋರಿಸಿ "ಇವರೇ" ಎಂದರು.

ಆಕೆ ನನ್ನನ್ನು ಬಹಳ ಹೊತ್ತು ನೋಡಿದರು. "ನಿಮ್ಮ ಕೈಯೆಲ್ಲ ಅಂಟು ಮೆತ್ಕೊಂಡಿದೆ," ಎಂದರು.

"ಬೈಂಡಿಂಗ್ ಮಾಡ್ತೀನಿ ಅಕ್ಕ. ಪುಸ್ತಕದ್ದು."

"ಬ್ಯಾಗು?"

"ನನ್ನದಲ್ಲ. ನನ್ನ ವಿಳಾಸ ಯಾರೋ ಹಾಕ್ಕೊಂಡಿದ್ದಾರೆ."

ನಂಬಿದರೋ ಇಲ್ಲವೋ ಗೊತ್ತಿಲ್ಲ. ಆದರೆ ಆ ಒಡೆದ ಬ್ಯಾಗನ್ನು ನನ್ನ ಕೈಗೆ ಕೊಟ್ಟರು. ಹಾಳೆಗೆ ಹಾಳೆ ಅಂಟಿಸಿ ಮೂವತ್ತು ವರ್ಷ ಬದುಕಿದವಳು ನಾನು. ಅಂಚನ್ನು ಬೆರಳಲ್ಲಿ ಸವರಿದರೆ ಸಾಕು, ಗೊತ್ತಾಗುತ್ತದೆ. ಒಂದು ಮಕ್ಕಳ ನೋಟ್‌ಬುಕ್ಕಿಗೇ ನಾನು ಬೆರಳಗಲ ಅಂಟು ಹಚ್ಚುತ್ತೇನೆ. ಕುದಿಯುವ ನೀರು ತುಂಬುವ ಈ ಬ್ಯಾಗಿನ ಅಂಚಿನಲ್ಲಿ ದಾರದಷ್ಟು ಅಗಲವೂ ಕೂಡಿಕೊಂಡಿರಲಿಲ್ಲ. ಮಾಡಿದವರ ಹೆಸರು ಹುಡುಕಿದೆ, ಇರಲಿಲ್ಲ. ಎಲ್ಲಿ ತಯಾರಾಯಿತು ಎಂಬುದೂ ಇರಲಿಲ್ಲ. 'ಅತ್ಯುತ್ತಮ ಗುಣಮಟ್ಟ' ಎಂದು ಮಾತ್ರ ಎರಡು ಕಡೆ ಅಚ್ಚು ಹಾಕಿದ್ದರು.

"ತಗೊಳ್ಳೋವಾಗ ಯಾರದ್ದು ಅಂತ ನೋಡ್ಲಿಲ್ವಾ ಅಕ್ಕ?" ಎಂದು ಕೇಳಿದೆ. ಕೇಳಬಾರದಿತ್ತು.

ಆಕೆ ನಕ್ಕರು. ನಗುವಾಗ ಕಾಲು ನೋವಾಗಿ ಮುಖ ಕಿವುಚಿದರು. "ಹನ್ನೊಂದು ಸಾವಿರ ಜನ ಚೆನ್ನಾಗಿದೆ ಅಂತ ನಕ್ಷತ್ರ ಕೊಟ್ಟಿದ್ರು. ಅಷ್ಟೂ ಜನರನ್ನ ನಂಬಿದೆ. ಮಾರೋನೊಬ್ಬ ಇರ್ತಾನೆ ಅನ್ನೋದೇ ನೆನಪಾಗ್ಲಿಲ್ಲ. ಹಸಿರು ಗುರುತು ಬೇರೆ ಇತ್ತಲ್ಲ, ಸರ್ಕಾರದ್ದು."

ಸರ್ಕಾರದ್ದು, ಮಾನ್ಯರೇ. ಈ ಪದವನ್ನು ಆಕೆ ಹೇಳಿದ ರೀತಿಯನ್ನು ಕಾಗದದ ಮೇಲೆ ಇಳಿಸಲು ನನಗೆ ಬರುವುದಿಲ್ಲ. ಸಂತೆಯಲ್ಲಿ ತರಕಾರಿ ಕೊಳ್ಳುವಾಗ ನಾವು ಮಾರುವವಳ ಮುಖ ನೋಡುತ್ತೇವೆ, ನಿನ್ನೆ ಕೊಟ್ಟದ್ದು ಕೊಳೆತಿತ್ತು ಎಂದು ಇವತ್ತು ಜಗಳ ಆಡುತ್ತೇವೆ, ಅವಳು ನಾಳೆಯೂ ಅಲ್ಲೇ ಕೂರುತ್ತಾಳೆ ಎಂಬ ಧೈರ್ಯದಲ್ಲೇ ಕೊಳ್ಳುತ್ತೇವೆ. ಫೋನಿನ ಪರದೆಯ ಹಿಂದೆ ಮುಖವಿಲ್ಲ. ಮುಖದ ಬದಲಿಗೆ ತಾವು ಒಂದು ಮುದ್ರೆ ಕೊಟ್ಟಿರಿ. 'ಇವನನ್ನು ನಾವು ನೋಡಿದ್ದೇವೆ, ನೀವು ನಂಬಿ' ಎಂಬುದೇ ಅದರ ಅರ್ಥ ತಾನೆ? ಬೇರೆ ಅರ್ಥವಿದ್ದರೆ ಅದನ್ನೂ ಪಕ್ಕದಲ್ಲಿ ಬರೆಯಬೇಕಿತ್ತು: 'ಇವನು ಯಾರೋ ನಮಗೂ ಗೊತ್ತಿಲ್ಲ, ಆದರೆ ಬಣ್ಣ ಚೆನ್ನಾಗಿದೆ' ಎಂದು.

ಮರುದಿನ ಚಾಲಕರೂ ನಾನೂ ತಮ್ಮ ಕಚೇರಿಗೆ ಬಂದೆವು. ನಾಲ್ಕನೇ ಕಿಟಕಿ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಂಪ್ಯೂಟರ್ ನೋಡಿ ಹೇಳಿದರು:

"ಮಾರಾಟಗಾರರ ವಿಳಾಸ ಪರಿಶೀಲನೆ ಆಗಿದೆಯಮ್ಮ."

"ಯಾರು ಮಾಡಿದ್ದು?"

"ಯಾರೂ ಮಾಡಲ್ಲ. ತಾನಾಗೇ ಆಗುತ್ತೆ. ಕರೆಂಟ್ ಬಿಲ್ ಹಾಕಿದ್ದಾರೆ, ಗುರುತಿನ ಚೀಟಿ ಹಾಕಿದ್ದಾರೆ, ಫೋನಿಗೆ ಹೋದ ಓಟಿಪಿ ನಂಬರ್ ಸರಿಯಾಗಿ ಹೇಳಿದ್ದಾರೆ. ಮೂರೂ ಹೊಂದಿದೆ."

"ಯಾರ ಗುರುತಿನ ಚೀಟಿ?"

ಅವರು ಪರದೆ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಪರದೆ ನೋಡಿದರು. "ನಿಮ್ಮದೇ," ಎಂದರು.

ಪಕ್ಕದಲ್ಲಿದ್ದ ಚಾಲಕರು ನನ್ನಿಂದ ಒಂದು ಹೆಜ್ಜೆ ದೂರ ಸರಿದರು. ಆ ಒಂದು ಹೆಜ್ಜೆಯ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

"ನಾನು ದೂರು ಕೊಡಬೇಕು," ಎಂದೆ.

"ಕೊಡಿ. ಯಾರ ಮೇಲೆ?"

"ಮಾರುತ್ತಿರುವವರ ಮೇಲೆ."

"ಅಂದ್ರೆ ನಿಮ್ಮ ಮೇಲೆ?"

"ನನ್ನ ಮೇಲಲ್ಲ ಸ್ವಾಮಿ, ನನ್ನ ಹೆಸರು ಹೇಳಿಕೊಂಡು ಮಾರುತ್ತಿರುವವರ ಮೇಲೆ."

"ಆ ಥರದ ಕಾಲಂ ಇಲ್ಲಮ್ಮ," ಎಂದರು ಅವರು, ನಿಜವಾಗಿಯೂ ಬೇಸರದಿಂದ. ಕೊನೆಗೆ ಇದ್ದ ಕಾಲಂನಲ್ಲೇ ದೂರು ಬರೆದುಕೊಟ್ಟೆ. ಹದಿನೈದು ದಿನಕ್ಕೆ ಸರಿಯಾಗಿ ತಮ್ಮ ಕಚೇರಿಯಿಂದ ನೋಟಿಸು ಬಂತು. ತಮ್ಮ ದಕ್ಷತೆಯ ಬಗ್ಗೆ ಯಾರೂ ಸಂಶಯಪಡಬಾರದು: 'ತಮ್ಮ ಸಂಸ್ಥೆಯ ವಿರುದ್ಧ ಗ್ರಾಹಕರೊಬ್ಬರು ಗಂಭೀರ ದೂರು ಸಲ್ಲಿಸಿದ್ದು, ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು.' ದೂರು ಕೊಟ್ಟವಳು ನಾನು, ನೋಟಿಸು ಪಡೆದವಳು ನಾನು, ಸಮಜಾಯಿಷಿ ಕೊಡಬೇಕಾದವಳೂ ನಾನು. ಇಡೀ ವ್ಯವಹಾರದಲ್ಲಿ ತಮ್ಮ ಕಚೇರಿಗೂ ಕೆಲಸವಿಲ್ಲ, ಕಳ್ಳನಿಗೂ ತೊಂದರೆಯಿಲ್ಲ. ಇಂಥ ವ್ಯವಸ್ಥೆಯನ್ನು ಕಟ್ಟಿದವರಿಗೆ ನಾನು ತಲೆಬಾಗುತ್ತೇನೆ. ಎಷ್ಟೋ ಪುಸ್ತಕ ಕಟ್ಟಿದ್ದೇನೆ, ಇಷ್ಟು ಬಿಗಿಯಾಗಿ ಕಟ್ಟಲು ನನಗೆ ಬಂದಿಲ್ಲ.

ಆದರೆ ನನ್ನ ನಿಜವಾದ ದೂರು ಈ ನೋಟಿಸಿನ ಮೇಲೂ ಅಲ್ಲ. ನೋಟಿಸು ಬರುವುದಕ್ಕಿಂತ ಮೊದಲೇ, ಆ ಹದಿನೈದು ದಿನಗಳಲ್ಲಿ, ನಾನು ಮಾಡಿದ ಒಂದು ಕೆಲಸದ ಮೇಲೆ.

ನನ್ನ ಗುರುತಿನ ಚೀಟಿ, ನನ್ನ ಕರೆಂಟ್ ಬಿಲ್ಲು ಯಾರ ಕೈಗೆ ಹೋಗಿರಬಹುದು? ಮೊದಲು ಕೆಳಗಿನ ಜೆರಾಕ್ಸ್ ಅಂಗಡಿಯವರ ಮೇಲೆ ಅನುಮಾನ ಬಂತು. ಅಲ್ಲಿಗೆ ಹೋಗುವುದನ್ನು ಬಿಟ್ಟೆ. ಮಹಡಿ ಖಾಲಿ ಮಾಡಿಹೋದ ಹಳೆಯ ಬಾಡಿಗೆದಾರರ ಮೇಲೆ ಬಂತು. ಕಟ್ಟಡದ ಮಾಲೀಕರ ಮೇಲೆ ಬಂತು. ಕೊನೆಗೆ, ಹೇಳಲು ನಾಚಿಕೆಯಾಗುತ್ತದೆ, ನನ್ನ ಮೈದುನನ ಮೇಲೆ ಬಂದು ಕೂತಿತು. ಅಲ್ಲಿಂದ ಏಳಲೇ ಇಲ್ಲ.

ಅವನು ನಮ್ಮ ಯಜಮಾನರ ಒಬ್ಬನೇ ತಮ್ಮ. ಅಣ್ಣ ಹೋದ ಮೇಲೆ ಅಂಗಡಿಯ ಬಾಗಿಲು ಮುಚ್ಚಬಾರದೆಂದು ಹಟ ಹಿಡಿದವನು ಅವನೇ. ಕೆಲಸ ಮಾಡುವುದು ಪಾರ್ಸೆಲ್ ಕಂಪನಿಯೊಂದರ ಗೋದಾಮಿನಲ್ಲಿ. ರಜಾ ದಿನ ಬಂದು ಪ್ರೆಸ್ಸಿನ ತಿರುಪು ಬಿಗಿ ಮಾಡಿ, ಚಾಕು ಮಸೆದುಕೊಟ್ಟು ಹೋಗುತ್ತಿದ್ದ. ಹೋದ ವರ್ಷ ಬಿಲ್ಲನ್ನು ಅಣ್ಣನ ಹೆಸರಿನಿಂದ ನನ್ನ ಹೆಸರಿಗೆ ಮಾಡಿಸಲು ಕಾಗದಪತ್ರ ತೆಗೆದುಕೊಂಡು ಹೋದವನೂ ಅವನೇ. ಪಾರ್ಸೆಲ್ಲು, ಗೋದಾಮು, ಬಿಲ್ಲು, ಗುರುತಿನ ಚೀಟಿ: ತಮ್ಮ ಕಂಪ್ಯೂಟರಿನ ಭಾಷೆಯಲ್ಲಿ ಹೇಳುವುದಾದರೆ, ಎಲ್ಲವೂ 'ಹೊಂದಿದೆ.'

ಒಂದು ಭಾನುವಾರ ಮಧ್ಯಾಹ್ನ ಅವನು ಹೆಂಡತಿಯನ್ನೂ ಕರೆದುಕೊಂಡು ಬಂದ. ಅವಳು ನನ್ನ ಜೊತೆ ಹಾಳೆ ಮಡಿಸುತ್ತಾ ಕೂತಳು. ಅವನು ಪ್ರೆಸ್ಸಿನ ಕೆಳಗೆ ಮಲಗಿ ಸ್ಪ್ಯಾನರ್ ತಿರುಗಿಸುತ್ತಿದ್ದ. ನಾನು ಅವನ ಮುಖ ಕಾಣದ ಹೊತ್ತು ನೋಡಿಯೇ ಕೇಳಿದೆ.

"ಆ ಕರೆಂಟ್ ಬಿಲ್ಲಿನ ಕಾಗದ ಏನ್ ಮಾಡಿದೆ?"

"ಯಾವ ಕಾಗದ ಅತ್ತಿಗೆ?"

"ಅಣ್ಣನ ಹೆಸರು ತೆಗೆಸೋಕೆ ಇಸ್ಕೊಂಡು ಹೋಗಿದ್ಯಲ್ಲ."

"ತೆಗೆಸಿ ಕೊಟ್ಟೆನಲ್ಲ. ಈಗ ನಿಮ್ಮ ಹೆಸರಲ್ಲೇ ಬರ್ತಿದೆ."

"ಅದರ ನಕಲು ಇನ್ಯಾರಿಗೆ ಕೊಟ್ಟೆ?"

ಸ್ಪ್ಯಾನರ್ ಸದ್ದು ನಿಂತಿತು. ಅವನು ನಿಧಾನವಾಗಿ ಹೊರಗೆ ಜಾರಿ ಬಂದು ಎದ್ದು ಕೂತ. ಅವನ ಹೆಂಡತಿಯ ಕೈಯಲ್ಲಿ ಅರ್ಧ ಮಡಿಸಿದ ಹಾಳೆ ಹಾಗೇ ಉಳಿಯಿತು.

"ಅತ್ತಿಗೆ, ನನ್ನನ್ನ ಕೇಳ್ತಿದ್ದೀರಾ, ಇಲ್ಲ ಹೇಳ್ತಿದ್ದೀರಾ?"

ನಾನು ಆಗಲಾದರೂ ನಾಲಿಗೆ ಕಚ್ಚಿಕೊಳ್ಳಬೇಕಿತ್ತು. "ಗೋದಾಮಲ್ಲಿ ಇರೋನು ನೀನು. ನನಗೆ ಬೇರೆ ಯಾರು ಹೊಳೀಬೇಕು?" ಎಂದುಬಿಟ್ಟೆ.

ಅವನು ಜಗಳ ಆಡಲಿಲ್ಲ. ಚಿಂದಿಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. ತಿರುಪು ಅರ್ಧ ಬಿಗಿಯಾಗಿತ್ತು. ಮತ್ತೆ ಕೆಳಗೆ ಮಲಗಿ ಅದನ್ನು ಪೂರ್ತಿ ಬಿಗಿ ಮಾಡಿ ಎದ್ದ. "ನಡಿಯೇ," ಎಂದು ಹೆಂಡತಿಗೆ ಹೇಳಿ ಮೆಟ್ಟಿಲಿಳಿದ. ನನ್ನ ಓರಗಿತ್ತಿ ಮಾತ್ರ ಬಾಗಿಲಲ್ಲಿ ತಿರುಗಿ, "ಬೇರೆ ಯಾರಾದ್ರೂ ಅಂದಿದ್ರೆ ಇವರು ತಡ್ಕೋತಿದ್ರು ಅಕ್ಕ," ಎಂದು ಹೇಳಿ ಹೋದಳು.

ಇದನ್ನೆಲ್ಲ ತಮಗೆ ಯಾಕೆ ಬರೆಯುತ್ತಿದ್ದೇನೆ? ಮನೆಯ ಜಗಳಕ್ಕೂ ನೋಂದಣಿ ಕಚೇರಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಇದೇ ಸಂಬಂಧ: ಮಾರುವವನು ಯಾರೆಂದು ತಮಗೆ ಗೊತ್ತಿದ್ದಿದ್ದರೆ, ನನಗೆ ಗೊತ್ತಿರುವವರನ್ನು ನಾನು ಅನುಮಾನಿಸಬೇಕಾಗುತ್ತಿರಲಿಲ್ಲ. ಕಾಣದ ಕಳ್ಳನ ಮೇಲೆ ಸಿಟ್ಟು ಹರಿಯುವುದಿಲ್ಲ. ಅದಕ್ಕೊಂದು ಮುಖ ಬೇಕು. ಎದುರಿಗಿರುವ ಮುಖಗಳೆಲ್ಲ ನಮ್ಮವರದ್ದೇ. ಚಾಲಕರು ನನ್ನನ್ನು ಅನುಮಾನಿಸಿದರು, ನಾನು ಚಾಲಕರನ್ನು ಅನುಮಾನಿಸಿದೆ, ಆಮೇಲೆ ಹೆಗಲು ಕೊಟ್ಟವನನ್ನೇ ಅನುಮಾನಿಸಿದೆ. ಇಷ್ಟು ಹೊತ್ತೂ ಆ ಕಳ್ಳ ತಮ್ಮ ಹಸಿರು ಮುದ್ರೆಯ ನೆರಳಿನಲ್ಲಿ ಆರಾಮವಾಗಿ ವ್ಯಾಪಾರ ಮಾಡಿಕೊಂಡಿದ್ದ.

ನೋಟಿಸು ಬಂದ ಮರುವಾರ ಚಾಲಕರು ಮತ್ತೆ ಮೆಟ್ಟಿಲು ಹತ್ತಿ ಬಂದರು. ಈ ಸಲ ದನಿ ಬೇರೆಯಾಗಿತ್ತು. "ಅಮ್ಮಾ, ಆ ಅಂಗಡಿ ಪರದೆಯಿಂದ ಮಾಯ ಆಗಿದೆ. ಆದ್ರೆ ಇದನ್ನ ನೋಡಿ," ಎಂದು ಫೋನು ಚಾಚಿದರು. ಬೇರೆ ಹೆಸರು, ಬೇರೆ ಸಂಸ್ಥೆ, ಅದೇ ಹಸಿರು ಮುದ್ರೆ. ಚಿತ್ರ ಮಾತ್ರ ಹಳೆಯದೇ: ಒಂದು ಕೈ ಬ್ಯಾಗನ್ನು ಹಿಡಿದಿದೆ. ಮೂವತ್ತೈದು ವರ್ಷ ಬಸ್ಸಿನ ಕನ್ನಡಿ ನೋಡಿದ ಕಣ್ಣು ಅವರದು. "ಹೆಬ್ಬೆರಳು ನೋಡಿ. ಉಗುರು ಮಧ್ಯದಲ್ಲಿ ಸೀಳಿ ಎರಡಾಗಿ ಬೆಳೆದಿದೆ. ಹಳೇ ಚಿತ್ರದಲ್ಲೂ ಇದೇ ಉಗುರು." ಹೊಸ ವಿಳಾಸ ನಗರದ ಆ ತುದಿಯಲ್ಲಿತ್ತು. ಈ ಸಲ ಬಸ್ಸಿನಲ್ಲಿ ನಾವು ಒಂದೇ ಸೀಟಿನಲ್ಲಿ ಕೂತೆವು.

ವಿಳಾಸ ಹುಡುಕಿಕೊಂಡು ಹೋದರೆ ಅದೊಂದು ಕ್ಷೌರದಂಗಡಿ. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ನೆಲದ ಮೇಲೆ ಗುಡಿಸದ ಕೂದಲು. ಕ್ಷೌರಿಕರು ಯಾರದ್ದೋ ಅರ್ಧ ಗಡ್ಡಕ್ಕೆ ನೊರೆ ಹಚ್ಚಿದ್ದರು. "ನೀವು ಬಿಸಿನೀರಿನ ಬ್ಯಾಗು ಮಾರ್ತೀರಾ?" ಎಂದು ಚಾಲಕರು ಕೇಳಿದರು. ಅದೇ ಪ್ರಶ್ನೆ, ಆದರೆ ಈ ಸಲ ಉತ್ತರ ಮೊದಲೇ ಗೊತ್ತಿದ್ದವರ ಹಾಗೆ ಮೆಲ್ಲಗೆ.

"ಬಿಸಿನೀರು ಇದೆ, ಬ್ಯಾಗಿಲ್ಲ," ಎಂದು ಅವರು ನಕ್ಕರು. ಫೋನು ತೋರಿಸಿದೆವು. ತಮ್ಮದೇ ಅಂಗಡಿಯ ವಿಳಾಸ ಓದಿದ ಮೇಲೆ ನಗು ಹೋಯಿತು. ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಾ ಕತ್ತಿಯನ್ನು ಕೆಳಗಿಟ್ಟರು.

"ಈ ಬೆರಳು ನಾನು ನೋಡಿದೀನಿ."

"ಎಲ್ಲಿ?"

"ಇದೇ ಕುರ್ಚೀಲಿ. ಕುತ್ತಿಗೇಲಿ ಕಂಪನಿ ಕಾರ್ಡಿನ ಪಟ್ಟಿ ಹಾಕ್ಕೊಂಡು ಬಂದಿದ್ದ. ಫೋನಿನ ನಕ್ಷೇಲಿ ನಿಮ್ಮ ಅಂಗಡಿ ಕಾಣೋ ಹಾಗೆ ಮಾಡ್ತೀವಿ, ಪೂರ್ತಿ ಉಚಿತ ಅಂದ. ಬಿಲ್ಲಿಂದು, ಗುರುತಿನ ಚೀಟೀದು ಫೋಟೋ ತಗೊಂಡ. ಫೋನಿಗೆ ಒಂದು ನಂಬರ್ ಬರುತ್ತೆ ಹೇಳಿ ಅಂದ, ಹೇಳಿದೆ. ಆಮೇಲೆ ಗಡ್ಡ ಮಾಡಿಸ್ಕೊಂಡು ಹೋದ. ಅದನ್ನೂ ಉಚಿತ ಮಾಡಿಸ್ಕೊಂಡ."

ನಾನು ಪಕ್ಕದಲ್ಲಿದ್ದ ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟೆ. ಯಾಕೆಂದರೆ ನನ್ನ ಮೇಜಿನ ಮೇಲೆ ಜೋತಾಡಿದ ಆ ಕುತ್ತಿಗೆಯ ಪಟ್ಟಿ ನನಗೂ ನೆನಪಾಯಿತು. ಕೆಲಸದ ಒತ್ತಡದ ದಿನ, ಮೇಜಿನ ತುಂಬ ಪ್ರಬಂಧಗಳು. ಯಾರೋ ಒಬ್ಬರು ಬಂದು ನಕ್ಷೆ, ಉಚಿತ ಎಂದದ್ದು. ನಾನು ತಲೆಯೆತ್ತದೆ "ಅಲ್ಲಿ ಗೋಡೆ ಮೇಲೆ ಬಿಲ್ಲು ನೇತುಹಾಕಿದೀನಿ, ತಗೊಳ್ಳಿ" ಎಂದದ್ದು. ಡ್ರಾಯರಿನಿಂದ ಗುರುತಿನ ಚೀಟಿ ತೆಗೆದುಕೊಟ್ಟದ್ದು. ಫೋನಿಗೆ ಬಂದ ನಂಬರನ್ನು ಓದಿ ಹೇಳಿದ್ದು. ಬೆರಳು ನೋಡಲಿಲ್ಲ, ಮುಖ ನೋಡಲಿಲ್ಲ, ಹೆಸರು ಕೇಳಲಿಲ್ಲ. ತಪ್ಪು ನನ್ನದೂ ಇದೆ ಮಾನ್ಯರೇ. ಅದನ್ನು ಮುಚ್ಚಿಟ್ಟು ಪತ್ರ ಬರೆಯುವಷ್ಟು ಜಾಣೆ ನಾನಲ್ಲ. ಆದರೆ ಒಂದು ವ್ಯತ್ಯಾಸವಿದೆ. ಯಾರೆಂದು ನೋಡುವುದು ನನ್ನ ಉದ್ಯೋಗವಲ್ಲ. ಅದು ತಮ್ಮ ಉದ್ಯೋಗ. ನನ್ನದು ಪುಸ್ತಕ ಕಟ್ಟುವುದು. ನಾನು ಹಾಳೆಗಳನ್ನು ಎಣಿಸದೆ ಹೊಲಿದರೆ ಗಿರಾಕಿ ತಿರುಗಿ ತಂದು ಎಸೆಯುತ್ತಾರೆ. ತಮ್ಮ ಕೆಲಸವನ್ನು ಎಲ್ಲಿಗೆ ತಂದು ಎಸೆಯಬೇಕು?

ಅಲ್ಲಿಂದ ನಾನು ಮನೆಗೆ ಹೋಗಲಿಲ್ಲ, ಮೈದುನನ ಮನೆಗೆ ಹೋದೆ. ಓರಗಿತ್ತಿ ಬಾಗಿಲು ತೆರೆದಳು. ಅವನು ಊಟಕ್ಕೆ ಕೂತಿದ್ದ. ನಿಂತಲ್ಲೇ ಎಲ್ಲ ಹೇಳಿದೆ: ಪಟ್ಟಿ, ಉಗುರು, ಕ್ಷೌರಿಕರು, ನಾನೇ ಕೈಯಾರೆ ಕೊಟ್ಟದ್ದು. "ತಪ್ಪಾಯ್ತು ಕಣೋ," ಎಂದೆ. ಅವನು ತುತ್ತು ನುಂಗಿ, "ಆಯ್ತು ಬಿಡಿ ಅತ್ತಿಗೆ, ಊಟ ಮಾಡಿ," ಎಂದ. ಊಟ ಮಾಡಿದೆ. ಮೂವರೂ ತಲೆ ತಗ್ಗಿಸಿಯೇ ಉಂಡೆವು.

ಮುಂದೆ ಆದದ್ದು ತಮಗೇ ಗೊತ್ತು, ಆದರೂ ಓದುವವರಿಗಾಗಿ ಹೇಳುತ್ತೇನೆ. ಪೊಲೀಸರಿಗೆ ದೂರು ಕೊಟ್ಟೆವು. ಬರೆದುಕೊಂಡರು. ಹೆಸರು ಕೇಳಿದರು, ನಮ್ಮ ಬಳಿ ಇರುವುದು ಒಂದು ಉಗುರು ಮಾತ್ರ. ಆ ಮನುಷ್ಯ ಇನ್ನೂ ಸಿಕ್ಕಿಲ್ಲ. ಚಾಲಕರ ಹೆಂಡತಿಯ ಗಾಯ ಮಾಗಿದೆ, ಚರ್ಮ ಮಾತ್ರ ಎಳೆದು ಕಟ್ಟಿದಂತಾಗಿ ಮಂಡಿ ಪೂರ್ತಿ ಮಡಚಲು ಬರುವುದಿಲ್ಲ. ನಿಂತು ಮಾಡುವ ಕೆಲಸ ಬಿಟ್ಟಿದ್ದಾರೆ. ಕ್ಷೌರಿಕರ ಅಂಗಡಿಗೆ ಪಾರ್ಸೆಲ್ಲುಗಳು ಬರಲು ಶುರುವಾಗಿವೆ. ತಮ್ಮ ಕಚೇರಿ ನನಗೆ ಕೊನೆಯದಾಗಿ ಒಂದು ಪತ್ರ ಕಳಿಸಿದೆ: 'ತಾವು ನಿಗದಿತ ಅವಧಿಯಲ್ಲಿ ತೃಪ್ತಿಕರ ಸಮಜಾಯಿಷಿ ನೀಡದ ಕಾರಣ ತಮ್ಮ ನೋಂದಣಿಯನ್ನು ರದ್ದುಪಡಿಸಲಾಗಿದೆ. ಮೂರು ವರ್ಷ ತಾವು ಆನ್‌ಲೈನ್ ಮಾರಾಟ ನಡೆಸುವಂತಿಲ್ಲ.' ಕೈಯಿಂದ ಹೊಲಿದ ನೋಟ್‌ಬುಕ್ಕುಗಳನ್ನು ಹಾಗೆ ಮಾರಬೇಕೆಂದು ನನಗೆ ಒಂದು ಆಸೆಯಿತ್ತು. ನನ್ನ ಹೆಸರಿನಲ್ಲಿ ಮಾರದಂತೆ ತಡೆಯಲಾದ ಒಬ್ಬಳೇ ವ್ಯಕ್ತಿ ನಾನು ಎಂಬುದು ತಮ್ಮ ಕಚೇರಿಯ ಸಾಧನೆ. ಪತ್ರದ ಕೆಳಗೆ ಸಹಿ ಇರಲಿಲ್ಲ. 'ಇದು ಗಣಕಯಂತ್ರದಿಂದ ಸಿದ್ಧವಾದ ಪ್ರತಿ, ಸಹಿ ಅಗತ್ಯವಿಲ್ಲ' ಎಂದಿತ್ತು. ಇದನ್ನು ಕಳಿಸಿದ್ದು ತಾವೇ ಎಂದು ನಾನು ಯಾವ ಆಧಾರದ ಮೇಲೆ ನಂಬಲಿ?

ಹಾಗಾಗಿ ನನ್ನ ಬೇಡಿಕೆ. ದೊಡ್ಡದೇನೂ ಅಲ್ಲ, ಹೊಸ ಯಂತ್ರವೂ ಬೇಡ. ಒಬ್ಬ ಮಾರಾಟಗಾರನಿಗೆ ಆ ಮುದ್ರೆ ಒತ್ತುವ ಮೊದಲು ತಮ್ಮ ಕಚೇರಿಯಿಂದ ಒಬ್ಬ ಮನುಷ್ಯ ಹೊರಟು, ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ, ಒಳಗಿರುವವರನ್ನು 'ನೀವು ಏನು ಮಾರುತ್ತೀರಿ?' ಎಂದು ಕೇಳಲಿ. ಅಷ್ಟೇ. ನನ್ನ ಬಾಗಿಲು ತಟ್ಟಿದ್ದರೆ ಒಂದೇ ನಿಮಿಷದಲ್ಲಿ ಮುಗಿಯುತ್ತಿತ್ತು. ಮಾರುವವನ ನಿಜವಾದ ಹೆಸರು, ಮಾಡಿದವನ ಹೆಸರು, ಮನುಷ್ಯರೇ ಎತ್ತುವ ಒಂದು ಫೋನ್ ನಂಬರು, ಇವನ್ನು ಬೆಲೆಗಿಂತ ದೊಡ್ಡ ಅಕ್ಷರದಲ್ಲಿ ಹಾಕಿಸಿ. 'ನನ್ನ ಹೆಸರನ್ನು ಬೇರೆಯವರು ಬಳಸುತ್ತಿದ್ದಾರೆ' ಎಂದು ದೂರು ಕೊಡಲು ಒಂದು ಕಾಲಂ ಮಾಡಿಸಿ. ಗುಮಾಸ್ತರು ಪಾಪ, ಅವರೂ ಕಾಯುತ್ತಿದ್ದಾರೆ. ಕ್ಷೌರಿಕರ ವಿಳಾಸದ ಮುದ್ರೆಯನ್ನು ಇವತ್ತೇ ತೆಗೆಸಿ, ಇನ್ನೊಬ್ಬರ ಮೈ ಸುಡುವ ಮೊದಲು. ಮತ್ತು ಈ ಪತ್ರಕ್ಕೆ ಉತ್ತರ ಬರೆದರೆ, ದಯವಿಟ್ಟು ಬರೆದವರ ಹೆಸರು ಹಾಕಿ, ಪೆನ್ನಿನಲ್ಲಿ ಸಹಿ ಮಾಡಿ.

ಇನ್ನೊಂದನ್ನು ತಾವು ಸರಿಪಡಿಸಲಾರಿರಿ, ಆದರೂ ತಮ್ಮ ದಾಖಲೆಯಲ್ಲಿರಲಿ. ನನ್ನ ಮೈದುನ ಮತ್ತೆ ಬರಲು ಶುರುಮಾಡಿದ್ದಾನೆ. ಮೊದಲಿನಂತೆಯೇ ರಜಾ ದಿನ ಬರುತ್ತಾನೆ, ಮಾತಾಡುತ್ತಾನೆ, ನಗುತ್ತಾನೆ. ಹೋದ ವಾರ ಚಾಕು ಮೊಂಡಾಗಿದೆ ಎಂದೆ. ಅವನು ಹೊಸ್ತಿಲ ಆಚೆಯೇ ನಿಂತು, ಚಾಕೂ ಗುರುತಿನ ಚೀಟಿಯೂ ಇರುವ ಡ್ರಾಯರಿನ ಕಡೆ ಒಮ್ಮೆ ನೋಡಿ, "ತೆಗೀಲಾ ಅತ್ತಿಗೆ?" ಎಂದು ಕೇಳಿದ. ಆರು ವರ್ಷದಲ್ಲಿ ಅವನು ಹಾಗೆ ಕೇಳಿದ್ದು ಅದೇ ಮೊದಲು.

ಇಂತಿ,
ಮಾರದ ಸರಕಿಗೆ ಮೂರು ವರ್ಷದ ನಿಷೇಧ ಅನುಭವಿಸುತ್ತಿರುವ,
ಎರಡನೇ ಮಹಡಿಯ ಎಡಗಡೆ ಕೋಣೆಯ ಬೈಂಡಿಂಗ್‌ನವಳು
(ಸಹಿ ಪೆನ್ನಿನಲ್ಲೇ ಮಾಡಿದ್ದೇನೆ)